ಯಾರು ಯಾರಿಗಾಗಿ ಕಾಯುತ್ತಿದ್ದಾರೆ

ಹನ್ನೊಂದೂ ಕಾಲಿಗೆ ಕೊನೆಯ ಗೇಟ್ ಪಾಸ್ ಅಚ್ಚಾಯಿತು. ಆಮೇಲೆ ಗೇಟಿನ ಪ್ರಿಂಟರ್ ಮಾತಾಡಲಿಲ್ಲ. ಕಿತ್ತಳೆ ತುಂಬಿದ ಒಂಬತ್ತು ಶೀತಲ ಲಾರಿಗಳು ನಮ್ಮ ಪ್ಯಾಕಿಂಗ್ ಕೇಂದ್ರದ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಆ ದಿನದ ಹಡಗಿಗೆ ಸರಕು ತೆಗೆದುಕೊಳ್ಳುವುದು ಎರಡು ಗಂಟೆಯವರೆಗೆ. ದಾರಿ ಒಂದೂವರೆ ಗಂಟೆಯದು. ಹನ್ನೆರಡೂವರೆಯೊಳಗೆ ಗೇಟು ದಾಟದ ಲಾರಿಗೆ ಹಡಗು ಸಿಗುವುದಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಗೇಟು ಕಾಯುವ ಬದವಿ ಕಾಕಾ ಫೋನ್ ಮಾಡಿದರು.

"ಇಂಜಿನಿಯರಮ್ಮ, ನಿಮ್ ಪ್ರಿಂಟರೂ ಉಪವಾಸ ಹಿಡಿದಂಗಿದೆ. ಸಂಜೆ ಬಾಂಗ್ ಆಗೋವರೆಗೂ ಕಾಯ್ಬೇಕಾ?"

"ನೋಡ್ತೀನಿ ಕಾಕಾ."

"ಬೇಗ ನೋಡ್ರಮ್ಮ. ಡ್ರೈವರ್‌ಗಳಿಗೆ ನೀರೂ ಇಲ್ಲ, ಸಿಗರೇಟೂ ಇಲ್ಲ. ಇನ್ನು ಸ್ವಲ್ಪ ಹೊತ್ತಿಗೆ ನನ್ನನ್ನೇ ಹರಿದು ತಿಂತಾರೆ."

ಸರ್ವರ್ ಸತ್ತಿರಲಿಲ್ಲ. ಡಿಸ್ಕಿನಲ್ಲಿ ಜಾಗವಿತ್ತು, ಮೆಮೊರಿಯೂ ಇತ್ತು, ಪ್ರೊಸೆಸರ್ ಸುಮ್ಮನೆ ಕೂತಿತ್ತು. ಕೆಲಸವಿಲ್ಲದೆ ಡೇಟಾಬೇಸ್ ನಿಂತಿದ್ದರೆ ಅದು ಯಾರಿಗೋ ಕಾಯುತ್ತಿದೆ ಎಂದರ್ಥ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಯಾರು ಯಾರಿಗಾಗಿ ಕಾಯುತ್ತಿದ್ದಾರೆ? ಆ ಪಟ್ಟಿ ತೆಗೆದೆ. ಗೇಟು ತೂಕದ ಕಟ್ಟೆಗೆ ಕಾಯುತ್ತಿತ್ತು. ತೂಕದ ಕಟ್ಟೆ ಇನ್ನೊಂದು ಸಂಪರ್ಕಕ್ಕೆ ಕಾಯುತ್ತಿತ್ತು. ಆ ಸಂಪರ್ಕ ಯಾರಿಗೂ ಕಾಯುತ್ತಿರಲಿಲ್ಲ. ಲಾರಿಗಳ ಸರದಿ ಪಟ್ಟಿಯನ್ನು ತಿದ್ದಿ, ತಿದ್ದಿದ್ದನ್ನು ಖಾಯಂ ಮಾಡದೆ, ರದ್ದೂ ಮಾಡದೆ, ಹಾಗೇ ಹಿಡಿದುಕೊಂಡಿತ್ತು. ಹಿಡಿದವನು ಬಿಡುವತನಕ ಆ ಸಾಲುಗಳನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ಬಳಕೆದಾರನ ಹೆಸರು ಶಹಾತ. ಯಂತ್ರವೂ ಅವನದೇ. ಹಿಡಿದ ಸಮಯ ಹನ್ನೊಂದೂ ಹದಿನಾರು.

ಶಹಾತ ನಮ್ಮ ವಿಭಾಗದ ಮುಖ್ಯಸ್ಥ. ರಮದಾನಿನಲ್ಲಿ ಮಧ್ಯಾಹ್ನದ ಬಾಂಗ್ ಆಗುವವರೆಗೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗುವುದು ಅವನ ರೂಢಿ. ಹೋದ ರಮದಾನಿನಲ್ಲೂ ಪ್ರಿಂಟರ್ ಹೀಗೆಯೇ ನಿಂತಿತ್ತು. ನಾನು ನೋಡುವ ಮೊದಲೇ ಅವನು ಸರ್ವರನ್ನು ಆರಿಸಿ ಹಚ್ಚಿದ್ದ. ಆರಿಸಿ ಹಚ್ಚಿದರೆ ಎಲ್ಲರ ಸಂಪರ್ಕವೂ ಕಡಿದುಹೋಗುತ್ತದೆ, ಹಿಡಿದವನದೂ ಹೋಗುತ್ತದೆ. ಯಾರು ಹಿಡಿದಿದ್ದರು ಎಂಬುದು ಮಾತ್ರ ಎಲ್ಲೂ ಉಳಿಯುವುದಿಲ್ಲ. ಉಳಿದದ್ದು ಅವನ ವರದಿ. 'ಇಬ್ತಿಸಾಮ್ ಬರೆದ ಪ್ರೋಗ್ರಾಮಿನ ದೋಷ' ಎಂದು ನನ್ನ ಹೆಸರೇ ಅದರಲ್ಲಿತ್ತು. ಇನ್ನೊಮ್ಮೆ ಹೀಗಾದರೆ ವಜಾ ಎಂಬ ಪತ್ರ ಒಂದು ತಿಂಗಳು ನೋಟಿಸ್ ಬೋರ್ಡಿನಲ್ಲಿತ್ತು. ನಾನು ಬರೆದದ್ದನ್ನು ನಾನೇ ನಲವತ್ತು ಸಲ ಓದಿದೆ. ಅದರಲ್ಲಿ ದೋಷವಿರಲಿಲ್ಲ.

ಈ ಸಲ ಪಟ್ಟಿಯ ಪ್ರತಿ ತೆಗೆದೆ. ಅದನ್ನು ಎರಡು ಕಡೆ ಉಳಿಸಿ, ಕಾಗದದ ಮೇಲೂ ಅಚ್ಚು ಹಾಕಿದೆ. ಆಗ ಹನ್ನೊಂದೂ ಇಪ್ಪತ್ತಾರು. ಆ ಒಂದು ಸಂಪರ್ಕವನ್ನು ಕಡಿಯಲು ಒಂದು ಸಾಲಿನ ಆದೇಶ ಸಾಕಿತ್ತು. ಅದನ್ನು ಬೆರಳಚ್ಚಿಸಿದೆ. ಎಂಟರ್ ಒತ್ತಲಿಲ್ಲ.

ಕಡಿದರೆ ಲಾರಿಗಳು ಹೊರಡುತ್ತವೆ. ಶಹಾತ ಎದ್ದು ಬಂದು, ಕಾಗದದ ಪಟ್ಟಿಯನ್ನು ಯಾರು ಬೇಕಾದರೂ ತಯಾರಿಸಬಹುದು ಎನ್ನುತ್ತಾನೆ. ಒಡತಿ ಹಾಜ್ಜ ಫಿಕ್ರಿಯಾ ಮಧ್ಯಾಹ್ನದ ನಮಾಜು ಮುಗಿಸಿ ಹನ್ನೆರಡೂ ಇಪ್ಪತ್ತಕ್ಕೆ ಮೇಲೆ ಬರುತ್ತಾರೆ. ಅವನು ಹಿಡಿದಿಟ್ಟಿರುವಾಗಲೇ ಅವರ ಕಣ್ಣಿಗೆ ಅವನ ಪರದೆಯೇ ಬೀಳಬೇಕು. ನಾನು ಕೈಕಟ್ಟಿ ಕೂತೆ.

ಬದವಿ ಕಾಕಾ ಮತ್ತೆ ಮೂರು ಸಲ ಫೋನ್ ಮಾಡಿದರು. ಮೂರನೆಯ ಸಲ ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. "ತಾಯಿ, ಇವರು ಹೋಗೋದ್ರೊಳಗೆ ಬಂದರಿನ ಬಾಗಿಲು ಹಾಕಿದ್ರೆ ಹಣ್ಣು ಇಲ್ಲೇ ಕೂರ್ತದೆ."

"ಗೊತ್ತು ಕಾಕಾ. ಹುಡುಕ್ತಿದ್ದೀನಿ."

ಹನ್ನೆರಡೂ ಹದಿನಾಲ್ಕಕ್ಕೆ ಶಹಾತನ ಬಾಗಿಲು ತೆರೆಯಿತು. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇತ್ತು.

"ಏನಮ್ಮ ಇದು, ಕೆಳಗೆ ಸಂತೆ ಸೇರಿದೆ? ಮತ್ತೆ ಏನ್ ಕೆಡಿಸಿದೆ? ಆರಿಸಿ ಹಚ್ಚು."

"ಹಾಜ್ಜ ಬರಲಿ, ಉಸ್ತಾದ್."

"ನಿನ್ನ ಅಪ್ಪಣೆ ಬೇಕಾ ನನಗೆ? ಸರ್ವರ್ ಕೋಣೆ ಕೀಲಿ ಕೊಡು."

"ಕೊಡಲ್ಲ."

"ಹೋದ ವರ್ಷದ ಕಾಗದ ಮರೆತೆಯಾ?"

"ಒಂದಕ್ಷರವೂ ಮರೆತಿಲ್ಲ."

ಅವನು ಕೀಲಿಗೆ ಕೈ ಚಾಚುವ ಹೊತ್ತಿಗೆ ಹಾಜ್ಜ ಒಳಗೆ ಬಂದರು. ಕೆಳಗಿನ ಗಲಾಟೆ ಅವರ ಕಿವಿಗೆ ಬಿದ್ದಿತ್ತು.

"ಯಾರು ನಿಲ್ಲಿಸಿದ್ದು?"

"ಇವಳ ಪ್ರೋಗ್ರಾಮು ಹಾಜ್ಜ, ಮತ್ತೆ ಅದೇ," ಎಂದ ಶಹಾತ.

ನಾನು ಕಾಗದ ಕೊಟ್ಟೆ. "ಉಸ್ತಾದ್ ತಮ್ಮ ಕಂಪ್ಯೂಟರ್ ತೆರೆದು ತೋರಿಸಲಿ ಹಾಜ್ಜ. ಬೇರೇನೂ ಬೇಡ."

ಅವನ ಕೋಣೆಗೆ ಹೋದೆವು. ಗುಪ್ತಪದ ಎರಡು ಸಲ ತಪ್ಪಿತು. ಮೂರನೆಯ ಸಲ ಪರದೆ ಬೆಳಗಿತು. ಸರದಿ ಪಟ್ಟಿ ಅಲ್ಲೇ ತೆರೆದಿತ್ತು. ಒಂಬತ್ತನೆಯ ಲಾರಿ ಎರಡನೆಯದಾಗಿತ್ತು, ನಡುವಿನವು ಒಂದೊಂದು ಸ್ಥಾನ ಹಿಂದೆ ಸರಿದಿದ್ದವು. ಖಾಯಂ ಮಾಡಬೇಕೇ ಎಂದು ಕೇಳುತ್ತಿದ್ದ ಚೌಕ ನಡುವೆ ಇನ್ನೂ ಉತ್ತರಕ್ಕೆ ಕಾದಿತ್ತು. ಅವನು ಉತ್ತರಿಸದೆ ಮಲಗಲು ಹೋಗಿದ್ದ.

"ಯಾರ ಲಾರಿ ಇದು?" ಹಾಜ್ಜ ಕೇಳಿದರು.



"ಅವರ ಭಾವಮೈದುನಂದು," ಎಂದೆ.

"ಹೋದ ವರ್ಷವೂ ಇದೇನಾ?" ಹಾಜ್ಜ ಅವನನ್ನು ಕೇಳಿದರು.

"ಹಾಜ್ಜ, ಹೋದ ವರ್ಷ..." ಎಂದು ಶುರು ಮಾಡಿ ಅವನು ನಿಲ್ಲಿಸಿದ. ಅದೇ ಉತ್ತರವಾಯಿತು.

"ರದ್ದು ಮಾಡು. ನಿನ್ನ ಕೈಯಿಂದಲೇ ಮಾಡು. ಆಮೇಲೆ ನಿನ್ನ ಸಾಮಾನು ತಗೊಂಡು ಮನೆಗೆ ಹೋಗು."

ಹನ್ನೆರಡೂ ಇಪ್ಪತ್ತೆರಡಕ್ಕೆ ಪ್ರಿಂಟರ್ ಓಡಿತು. ಪಾಸ್ ಕೊಟ್ಟು, ಬಾಗಿಲ ಮುದ್ರೆ ನೋಡಿ ಒಂದು ಲಾರಿ ಬಿಡಲು ಒಂದೂವರೆ ನಿಮಿಷ ಬೇಕು. ಹನ್ನೆರಡೂವರೆಯ ಹೊತ್ತಿಗೆ ಐದು ಹೊರಟವು. ನಾಲ್ಕು ಉಳಿದವು. ಭಾವಮೈದುನನದು ಕೊನೆಯದು. ಉಳಿದ ಮೂವರು ಡ್ರೈವರ್‌ಗಳಿಗೆ ಶಹಾತ ಯಾರೆಂಬುದೇ ಗೊತ್ತಿರಲಿಲ್ಲ.

"ಈ ಸಲ ವರದಿ ನೀನೇ ಬರಿ," ಎಂದರು ಹಾಜ್ಜ. ಬಾಗಿಲಲ್ಲಿ ನಿಂತು ತಿರುಗಿದರು. "ನಿನಗೆ ಯಾವಾಗ ಗೊತ್ತಾಯ್ತು?"

"ನೀವು ಬರೋದಕ್ಕೆ ಸ್ವಲ್ಪ ಮುಂಚೆ ಹಾಜ್ಜ."

ವರದಿ ಅರ್ಧ ಪುಟವಾಯಿತು. ಹಿಡಿದವನ ಹೆಸರು, ಯಂತ್ರ, ಹಿಡಿದ ಸಮಯ, ಬಿಟ್ಟ ಸಮಯ. ಕೆಳಗೆ, ಹಡಗು ತಪ್ಪಿದ ನಾಲ್ಕು ಲಾರಿಗಳ ಸಂಖ್ಯೆಗಳು, ನಾಲ್ಕೂ ಶಹಾತನ ಹೆಸರಿನಡಿ. ನನ್ನ ಆದೇಶ ಸಿದ್ಧವಿದ್ದ ಹನ್ನೊಂದೂ ಇಪ್ಪತ್ತಾರು ಎಂಬ ಸಮಯ ಅದರಲ್ಲಿ ಎಲ್ಲೂ ಇರಲಿಲ್ಲ. ಬರೆದಷ್ಟರಲ್ಲಿ ಒಂದಾದರೂ ಸುಳ್ಳಿದೆಯೇ ಎಂದು ಎರಡು ಸಲ ಓದಿ ನೋಡಿದೆ. ಇರಲಿಲ್ಲ. ಸಹಿ ಹಾಕಿ, ನೋಟಿಸ್ ಬೋರ್ಡಿಗೆ ನಾನೇ ಒಯ್ದು ಚುಚ್ಚಿದೆ.