ನಳಿಗೆಯಲ್ಲಿ ಕಾಣದ ಆಕಾಶ

ಎದ್ದು ಹೋಗಬೇಡಿ, ಇದನ್ನೊಂದು ಪೂರ್ತಿ ಕೇಳಿಬಿಡಿ. ನಾನು ಒಂದು ಒಂಟಿ ನಳಿಗೆಯ ಕೋವಿ. ಕೆಂಪಗೆ ಕಾದ ಉಕ್ಕಿನಿಂದ ಹುಟ್ಟಿದವನು. ಕೊಡಗಿನ ಉತ್ತಯ್ಯನವರ ಅಪ್ಪ ನನ್ನನ್ನು ಮನೆಗೆ ತಂದರು. ಅವರ ನಂತರ ಉತ್ತಯ್ಯನವರ ಹೆಗಲೇರಿದೆ, ಆಮೇಲೆ ಅವರ ಮೊಮ್ಮಗಳು ಮುದ್ದವ್ವನ ಕೈ ಸೇರಿದೆ. ಮನೆಯಲ್ಲಿ ಒಂದೇ ನಿಯಮ: ತೋಟಾ ತುಂಬುವ ಮೊದಲು, ಒಳಗೆ ಏನೂ ಸಿಕ್ಕಿಕೊಂಡಿಲ್ಲವೆಂದು ಖಾತ್ರಿಯಾಗಲು, ನಳಿಗೆಯೊಳಗಿಂದ ಆಕಾಶ ನೋಡಬೇಕು.

ಒಂದು ವರ್ಷ ಕೈಲ್ ಮುಹೂರ್ತದ ಹಬ್ಬದಂದು ಆಯುಧಗಳಿಗೆ ಪೂಜೆ. ಕೋವಿಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸುವುದು ಪದ್ಧತಿ. ಉತ್ತಯ್ಯನವರ ಕೈ ನಡುಗಿ ಹೂ ಜಾರುತ್ತಲೇ ಇತ್ತು. ಯಾರೂ ನೋಡದಾಗ ಬಟ್ಟೆಯ ಚೂರೊಂದನ್ನು ಒಳಗೆ ತುರುಕಿ, ಅದಕ್ಕೆ ತೊಟ್ಟು ಚುಚ್ಚಿ ನಿಲ್ಲಿಸಿದರು. ಪೂಜೆಯಾದ ಮೇಲೆ ಹೂ ಕಿತ್ತರು. ಬಟ್ಟೆ ನನ್ನ ಗಂಟಲಲ್ಲೇ ಉಳಿಯಿತು.

ಮಧ್ಯಾಹ್ನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅದಕ್ಕೂ ಮೊದಲು ಹೊಸ ತೋಟಾಗಳ ಪರೀಕ್ಷೆ. ತೋಟಾದೊಳಗಿನ ಸೀಸದ ಚರೆ ಎಷ್ಟು ಹರಡುತ್ತದೆಂದು ನೋಡಲು ದಿಬ್ಬದ ಮುಂದೆ ಹಳೆಯ ಪೇಪರು ಕಟ್ಟಿದ್ದರು. ಮುದ್ದವ್ವ ನನ್ನನ್ನು ನಡುವಿಗೆ ಮಡಚಿ, ನಳಿಗೆ ತೆರೆದು ಆಕಾಶದತ್ತ ಎತ್ತತೊಡಗಿದಳು.

“ಅದೇನು ನೋಡ್ತೀಯಾ? ಬೆಳಿಗ್ಗೆ ನಾನೇ ಒರೆಸಿ ಇಟ್ಟದ್ದು,” ಎಂದರು ಉತ್ತಯ್ಯ.

“ನೀವೇ ಅಲ್ವಾ ತಾತ ಹೇಳಿಕೊಟ್ಟದ್ದು?”

“ಅದು ನಿನ್ನಂಥ ಮರೆಗುಳಿಗಳಿಗೆ. ಹೊಡಿ, ಹೊತ್ತಾಯ್ತು!”

ಅವಳು ನಕ್ಕು ತೋಟಾ ಹಾಕಿದಳು. ಬಟ್ಟೆ ಇನ್ನೂ ನಳಿಗೆಗೆ ಅಡ್ಡವಾಗಿಯೇ ಇತ್ತು. ನಳಿಗೆ ಸಿಡಿದರೆ ಅವಳ ಕೈ, ಅವಳ ಕಣ್ಣು! ಬೆಚ್ಚನೆಯ ಕೆನ್ನೆ ನನಗೆ ಒತ್ತಿಕೊಂಡಿತ್ತು. ಬೇಡ ಎಂದು ಕೂಗೋಣವೆಂದರೆ ನನಗಿರುವುದು ಒಂದೇ ದನಿ, ಅದನ್ನು ತೆಗೆದರೆ ಅವಳೇ ಉಳಿಯುವುದಿಲ್ಲ. ಬೆರಳು ಟ್ರಿಗರ್ ಎಳೆಯಿತು. ಇದ್ದಬದ್ದ ಬಲವೆಲ್ಲ ಸೇರಿಸಿ ನನ್ನ ಹಳೆಯ ಸ್ಪ್ರಿಂಗನ್ನು ಹಿಡಿದುಕೊಂಡೆ.

ಟಿಕ್.

“ಥೂ, ಮುದಿ ಕತ್ತೆ! ಹಬ್ಬದ ದಿನವೇ ಮಾನ ಕಳೀತು,” ಎಂದು ಉತ್ತಯ್ಯ ನನ್ನನ್ನು ಬೈದರು.

“ನಾನು ಪಕ್ಕದ ಮನೆ ಕೋವಿ ಕೇಳಿ ನೋಡ್ತೇನೆ ತಾತ,” ಎಂದು ನನ್ನನ್ನು ಅವರ ಕೈಗಿತ್ತು ಓಡಿದಳು.

ತಡವಾಗಿ ಸಿಡಿದೀತೆಂದು ಅರ್ಧ ನಿಮಿಷ ಕಾದು ಉತ್ತಯ್ಯ ತೋಟಾ ತೆಗೆದರು. ಅಭ್ಯಾಸಬಲದಿಂದ ನನ್ನನ್ನು ಆಕಾಶಕ್ಕೆ ಹಿಡಿದರು. ಒಳಗೆ ಬರೀ ಕತ್ತಲೆ. ಕಡ್ಡಿ ಹಾಕಿ ನೂಕಿದರು. ಬಟ್ಟೆ ಅಂಗೈಗೆ ಬಿತ್ತು. ತಾವೇ ತುರುಕಿದ್ದ ಚೂರು ಅದೆಂದು ಗುರುತಿಸಿ, ಮುದ್ದವ್ವ ಓಡಿದ ದಾರಿಯತ್ತ ನೋಡಿದರು. ಮುದ್ದವ್ವನ ಹೆಜ್ಜೆ ಕೇಳಿಸಿದ್ದೇ ಬಟ್ಟೆ ಜೇಬು ಸೇರಿತು.

“ಏನಾಗಿತ್ತು ತಾತ?”

“ಕೋವಿ ಕೆಟ್ಟಿದೆ. ಇನ್ನು ಇದನ್ನು ಮುಟ್ಟಬೇಡ.”

ಅಂದಿನಿಂದ ನಾನು ಗೋಡೆಯ ಮೂಲೆಯಲ್ಲಿದ್ದೇನೆ. ಹಬ್ಬಕ್ಕೆ ಉತ್ತಯ್ಯ ಹೂ ಇಡುತ್ತಾರೆ, ಅದು ಜಾರಿ ಬೀಳುತ್ತದೆ, ಬೀಳಲು ಬಿಡುತ್ತಾರೆ. ಕೆಟ್ಟ ಕೋವಿ ಅನ್ನಿಸಿಕೊಂಡದ್ದಕ್ಕೆ ನನಗೆ ಬೇಸರವಿಲ್ಲ. ಭಯವೇ ಬೇರೆ. ಮುದ್ದವ್ವ ಈಗ ಇನ್ನೊಂದು ಕೋವಿ ಹಿಡಿಯುತ್ತಾಳೆ, ಆಕಾಶ ನೋಡದೆಯೇ ತೋಟಾ ತುಂಬುತ್ತಾಳೆ. ಆ ಬಟ್ಟೆ ನಿಮ್ಮ ಜೇಬಿನಲ್ಲಿದ್ದಿದ್ದರೆ, ನೀವು ಅವಳಿಗೆ ತೋರಿಸುತ್ತಿದ್ದಿರಾ?