ಮೋಗ್ ರಾಸಿಟರ್‌ನ ಎಡಗಡೆ

ಮೋಗ್ ರಾಸಿಟರ್ ಮೈದಾನದ ಯಾವ ಮೂಲೆಯಲ್ಲಿ ನಿಂತರೂ ಅವನ ಮಗ್ಗುಲಿಗೆ ಲಾರ್ ಕಿಯೋ ಬಂದು ನಿಲ್ಲುತ್ತಿದ್ದ. ಮೋಗ್ ರಾಥ್‌ಮೋರನ್ ಊರಿನ ಹರ್ಲಿಂಗ್ ಎಂಬ ಐರ್ಲೆಂಡಿನ ಕೋಲು-ಚೆಂಡಿನ ಆಟದ ತಂಡದಲ್ಲಿ ಗೋಲು ಹೊಡೆಯುವವನು. ಲಾರ್ ಪಕ್ಕದ ಬ್ಯಾಲಿಹಾರೋದ ಕಟುಕ, ಆ ಊರಿನ ತಂಡದಲ್ಲಿ ಗೋಲಿನ ಮುಂದೆ ಕಾವಲು ನಿಂತು ಎದುರಾಳಿಯನ್ನು ತಡೆಯುವವನು. ಎರಡೂ ಊರಿನ ನಡುವೆ ಒಂದು ಹೊಳೆ, ಒಂದು ಇಕ್ಕಟ್ಟಾದ ಸೇತುವೆ, ಅಜ್ಜಂದಿರ ಕಾಲದ ಹಗೆ.

ಮೋಗ್ ಮೀಸೆ ಚಿಗುರುವ ವಯಸ್ಸಿನಲ್ಲಿ ಮೊದಲ ಸಲ ಹಿರಿಯರ ತಂಡಕ್ಕೆ ಇಳಿದ ದಿನವೇ ಲಾರ್‌ನ ಕೋಲು ಅವನ ಕಿರುಬೆರಳನ್ನು ಮುರಿದಿತ್ತು.

"ಅಮ್ಮನ್ ಹತ್ರ ಹೋಗಿ ಊದಿಸ್ಕೊ ಮರಿ," ಎಂದಿದ್ದ ಲಾರ್.

"ಹೋಗ್ತೀನಿ. ನೀನ್ ಮೊದ್ಲು ನಿಮ್ ಬಲೆಯೊಳಗಿರೋ ಚೆಂಡು ಎತ್ಕೊಂಡ್ ಬಾ," ಎಂದಿದ್ದ ಮೋಗ್.

ಅಲ್ಲಿಂದ ಪ್ರತಿ ಬೇಸಿಗೆಯೂ ಅದೇ ಕಥೆ. ಇವನ ಪಕ್ಕೆಲುಬು, ಅವನ ಹಲ್ಲು. ಆಟ ಮುಗಿದ ಮೇಲೆ ಕೈಕುಲುಕಿ, ಒಂದು ಮಾತೂ ಆಡದೆ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ನಡುವೆ ವೆಕ್ಸ್‌ಫರ್ಡ್ ಜಿಲ್ಲೆಯ ತಂಡಕ್ಕೂ ಮೋಗ್‌ಗೆ ಕರೆ ಬಂತು. ಡಬ್ಲಿನ್‌ನ ದೊಡ್ಡ ಮೈದಾನದಲ್ಲಿ, ಕಿಲ್ಕೆನ್ನಿಯವರ ಎದುರು, ಎಂಥವನೂ ಹೊಡೆಯಬಹುದಾದ ಚೆಂಡೊಂದು ಅವನ ಕೋಲಿನ ಅಂಚಿಗೆ ತಾಗಿ ಕಂಬದ ಹೊರಗೆ ಹೋಯಿತು. ಮುಂದಿನ ವರ್ಷ ಯಾರೂ ಕರೆಯಲಿಲ್ಲ. ಮೋಗ್ ವಾರವೆಲ್ಲ ಬೀಟ್‌ಗೆಡ್ಡೆಯ ಲಾರಿ ಓಡಿಸುತ್ತಿದ್ದ, ಭಾನುವಾರ ತನ್ನೂರಿನ ಪರ ಆಡುತ್ತಿದ್ದ.

ಮೋಗ್‌ನ ಕಣ್ಣಿಗೆ ಪೆಟ್ಟು ಬಿದ್ದದ್ದು ಪಂದ್ಯದಲ್ಲಿ ಅಲ್ಲ. ಮಾರ್ಚ್ ತಿಂಗಳ ಒಂದು ಸಂಜೆ, ಸ್ವಂತ ಮೈದಾನದಲ್ಲಿ, ಅಭ್ಯಾಸದ ಹೊತ್ತಿನಲ್ಲಿ. ಅದು ಶಿರಸ್ತ್ರಾಣ ಹಾಕಿಕೊಂಡವರನ್ನು ಕಂಡು ಅರ್ಧ ತಂಡ ನಗುತ್ತಿದ್ದ ಕಾಲ. ಚೆಂಡು ನೇರ ಬಂದು ಎಡಗಣ್ಣಿಗೆ ಬಡಿಯಿತು. ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ್ದು ಇಷ್ಟೇ: ಆ ಕಣ್ಣಿಗೆ ಇನ್ನು ಹಗಲು ರಾತ್ರಿಯ ಗುರುತು ಮಾತ್ರ, ಆಟ ಬಿಟ್ಟುಬಿಡು.

ಮನೆಗೆ ಬಂದವನು ಹೆಂಡತಿ ಈಟಾಳಿಗೆ, "ವಾಸಿಯಾಗುತ್ತಂತೆ," ಎಂದ. ತಂಡವನ್ನು ಆರಿಸುತ್ತಿದ್ದ, ಊರಿನ ಹೆಂಡದಂಗಡಿಯ ವಾಟಿ ಸಿನ್ನಟ್‌ಗೂ ಅದನ್ನೇ ಹೇಳಿದ. ಒಂದು ವಾರ ಕಳೆದ ಮೇಲೆ ಈಟಾ ಅವನ ಕೈಯಿಂದ ಚಹಾದ ಪಾತ್ರೆ ತೆಗೆದುಕೊಂಡಳು.

"ಮೇಜಿನ ಮೇಲೆ ಸುರೀತಿದೀಯ ಮೋಗ್. ಲೋಟ ಈ ಕಡೆ ಇದೆ."

ಅವನು ಒರೆಸುವ ಬಟ್ಟೆ ಹುಡುಕಿದ. ಅದೂ ಕೈಗೆ ಸಿಗಲಿಲ್ಲ.

"ಎಷ್ಟ್ ಕಾಣುತ್ತೆ? ನಿಜ ಹೇಳು."

"ಏನೂ ಕಾಣಲ್ಲ," ಎಂದ. "ಇದೊಂದ್ ವರ್ಷ ಈಟಾ. ನಮ್ಮೂರು ಕೊನೇ ಸಲ ಕಪ್ ಗೆದ್ದಾಗ ನಮ್ಮಪ್ಪ ಆಡ್ತಿದ್ದ. ಆಮೇಲೆ ಈ ಊರಿಗೆ ಏನ್ ಬಂದಿದೆ ಹೇಳು."

"ಇನ್ನೊಂದು ಕಣ್ಣೂ ಹೋದ್ರೆ ಆ ಕಪ್ಪಲ್ಲಿ ಗಂಜಿ ಕುಡಿಸ್ತೀನಿ," ಎಂದಳು ಈಟಾ. ಆದರೆ ಯಾರಿಗೂ ಹೇಳಲಿಲ್ಲ.

ಮೋಗ್ ಬಲಮೂಲೆಯಿಂದ ಎಡಮೂಲೆಗೆ ಸರಿದ. ಗೋಲಿನತ್ತ ತಿರುಗಿದರೆ ಎಡಕ್ಕೆ ಮೈದಾನದ ಅಂಚಿನ ಗೆರೆ ಬಿಟ್ಟರೆ ಏನೂ ಇರುವುದಿಲ್ಲ, ಕಾಣದ ಕಡೆಯಿಂದ ಬರುವವರು ಕಡಿಮೆ ಎಂಬ ಲೆಕ್ಕಾಚಾರ. ಸಣ್ಣ ಪುಟ್ಟ ತಂಡಗಳ ಮುಂದೆ ಅದು ನಡೆಯಿತು. ಕಪ್ಪಿನ ಸೆಮಿಫೈನಲ್‌ನಲ್ಲಿ ಬ್ಯಾಲಿಹಾರೋ ಎದುರಾಯಿತು. ಲಾರ್ ಕೂಡ ಅವನ ಹಿಂದೆಯೇ ಆ ಮೂಲೆಗೆ ಬಂದ.

ಮೊದಲ ಚೆಂಡಿಗೆ ಲಾರ್ ಎಡಗಡೆಯಿಂದ ನುಗ್ಗಿದ. ಮೋಗ್‌ಗೆ ಗೊತ್ತಾದದ್ದು ನೆಲಕ್ಕೆ ಬಿದ್ದ ಮೇಲೆ. ಎರಡನೆಯ ಸಲವೂ ಹಾಗೆಯೇ. ಲಾರ್‌ನ ಕೋಲಿನ ತುದಿ ಕೆನ್ನೆಯ ಪಕ್ಕದಲ್ಲೇ ಹಾದುಹೋದರೂ ಮೋಗ್ ರೆಪ್ಪೆ ಮಿಟುಕಿಸಲಿಲ್ಲ. ಲಾರ್ ನಿಂತು ಅವನ ಮುಖವನ್ನೇ ನೋಡಿದ.

"ಈ ಕಡೆ ಕಾಣಲ್ವೇನೋ ನಿಂಗೆ?"

"ಬಾಯ್ ಮುಚ್ಕೊಂಡ್ ಆಡು."

ಆಮೇಲೆ ಲಾರ್ ಒಂದು ಸಲವೂ ಎಡಗಡೆಯಿಂದ ಬರಲಿಲ್ಲ. ಪ್ರತಿ ಚೆಂಡಿಗೂ ಸುತ್ತಿ ಬಳಸಿ ಬಲಗಡೆಯಿಂದಲೇ ಬಂದ, ಪ್ರತಿ ಸಲವೂ ಒಂದು ಹೆಜ್ಜೆ ತಡವಾಗಿ. ಮೋಗ್ ಎರಡು ಗೋಲು ಹೊಡೆದ. ಬ್ಯಾಲಿಹಾರೋದವರು ಗೆರೆಯಾಚೆಯಿಂದ ಲಾರ್‌ನನ್ನು ಬಯ್ದೇ ಬಯ್ದರು. ರಾಥ್‌ಮೋರನ್ ಗೆದ್ದಿತು. ಜನ ಮೋಗ್‌ನನ್ನು ಹೆಗಲ ಮೇಲೆ ಹೊತ್ತು ನಡೆದರು. ಅವನಿಗೆ ಮಾತ್ರ ಯಾರೋ ತನ್ನನ್ನು ಚಟ್ಟದ ಮೇಲೆ ಹೊತ್ತ ಹಾಗಿತ್ತು.

ಮಾರನೆಯ ದಿನದೊಳಗೆ ಸೇತುವೆಯಾಚೆಯ ಮಾತು ಈಚೆಗೂ ಬಂತು. ಲಾರ್ ಕಿಯೋ ಆಟ ಮಾರಿಕೊಂಡನಂತೆ. ಅವನ ಅಂಗಡಿಯ ಬಾಗಿಲಿಗೆ ಯಾರೋ ಸಗಣಿ ಎರಚಿದರಂತೆ.

ಮೋಗ್ ಲಾರಿಯನ್ನು ಆ ಅಂಗಡಿಯ ಮುಂದೆ ನಿಲ್ಲಿಸಿದ. ಒಳಗೆ ಗಿರಾಕಿ ಇರಲಿಲ್ಲ.

"ಬಿಟ್ಕೊಡು ಅಂತ ನಾನ್ ಕೇಳಿದ್ನಾ ನಿನ್ನ?"

"ಇಲ್ಲ." ಲಾರ್ ಮೂಳೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಮತ್ಯಾಕೆ?"

"ಕೋಲು ಬರೋದು ಕಾಣದೋನಿಗೆ ಕೋಲು ಬೀಸೋಕೆ ಬರಲ್ಲ ಕಣೋ ನಂಗೆ. ಪ್ರಯತ್ನಪಟ್ಟೆ. ಕೈ ಏಳ್ಲಿಲ್ಲ."

"ನಿಮ್ಮೋರಿಗೆ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ಫೈನಲ್ ಆಡೋಕ್ ಬಿಡ್ತಾರಾ ನಿನ್ನ?" ಲಾರ್ ಕತ್ತಿ ಒರೆಸಿದ. "ಹೋಗು. ಹೋಗಿ ಗೆದ್ಕೊಂಡ್ ಬಾ. ಇಷ್ಟೆಲ್ಲ ಆದ್ಮೇಲೆ ಸೋತು ಬರಬೇಡ."

ಅಲ್ಲಿಂದ ಮೋಗ್ ನೇರ ವಾಟಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ತನ್ನನ್ನು ಕೈಬಿಡಲಿ, ಲಾರ್‌ನ ಮೇಲಿನ ಕಳಂಕವೂ ತೊಳೆದುಹೋಗಲಿ ಎಂದು. ವಾಟಿ ಲೋಟ ಒರೆಸುತ್ತ ಕೇಳಿದ.

"ಬೇರೆ ಯಾರಿಗ್ ಹೇಳಿದೀಯ?"

"ಈಟಾಗೆ ಬಿಟ್ರೆ ಯಾರಿಗೂ ಇಲ್ಲ."

"ಹಾಗೇ ಇರ್ಲಿ. ಫೈನಲ್‌ನಲ್ಲಿ ನಿನ್ನ ನೋಡಿ ಪಟ್ಟಣದೋರು ಇಬ್ಬರನ್ನ ಕಾವಲಿಗೆ ಹಾಕ್ತಾರೆ. ನಮ್ಮೋನೊಬ್ಬ ಕಾವಲಿಲ್ಲದೆ ಉಳೀತಾನೆ, ನಮಗದೇ ಲಾಭ. ಒಂದ್ ಗಂಟೆ ಆಟ ತಾನೇ? ಬ್ಯಾಲಿಹಾರೋ ಮಾತು ಆಮೇಲೆ ನೋಡ್ಕೊಳೋಣ."

ಮೋಗ್ ಹೊರಗೆ ಬಂದ. ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ, ಏಕೆಂದರೆ ಅವನಿಗೂ ಆಡಬೇಕೆಂದಿತ್ತು.

ಫೈನಲ್‌ನಲ್ಲಿ ಅವನ ಪಕ್ಕಕ್ಕೆ ಬಂದವನು ಪಟ್ಟಣದ ಒಬ್ಬ ಎಳೆಯ ಪೊಲೀಸ್ ಪೇದೆ. ಅವನಿಗೆ ಮೋಗ್ ಯಾರೋ ಏನೋ. ಚೆಂಡು ಬಂದಾಗಲೆಲ್ಲ ಎಡದಿಂದ ಬಂದ, ಬಲದಿಂದ ಬಂದ. ಮೋಗ್ ಗಾಳಿಗೆ ಕೋಲು ಬೀಸಿದ. ಒಮ್ಮೆ ತನ್ನ ತಂಡದವನನ್ನೇ ಢಿಕ್ಕಿ ಹೊಡೆದು ಕೆಡವಿದ. ಅರ್ಧ ಆಟಕ್ಕೆ ಮೊದಲೇ ವಾಟಿ ಅವನನ್ನು ಹೊರಗೆ ಕರೆದ. ಹೆಗಲ ಮೇಲೆ ಹೊತ್ತವರಲ್ಲೇ ಕೆಲವರು ಸಿಳ್ಳೆ ಹಾಕಿದರು. ವಾಟಿ ಅವನ ಕಡೆ ನೋಡಲೂ ಇಲ್ಲ. ರಾಥ್‌ಮೋರನ್ ಸೋತಿತು, ಒಂದೇ ಒಂದು ಅಂಕದಿಂದ.

ಆ ವಾರ ಬ್ಯಾಲಿಹಾರೋದವರು ತಮ್ಮ ಕ್ಲಬ್ಬಿನ ಸಭೆ ಸೇರಿದ್ದರು. ಮೋಗ್ ಕರೆಯದೆ ಒಳಗೆ ಹೋಗಿ, ಟೋಪಿ ತೆಗೆದು, ಕಣ್ಣಿನ ವಿಷಯ ಹೇಳಿದ. ಲಾರ್ ಯಾರ ಹತ್ತಿರವೂ ಏನೂ ಪಡೆದಿಲ್ಲ, ಕುರುಡನ ಮೇಲೆ ಕೈಯೆತ್ತಲಿಲ್ಲ ಅಷ್ಟೇ, ಎಂದ.

ಹಿಂದಿನಿಂದ ಒಬ್ಬ ಮುದುಕ ಕೇಳಿದ.

"ಅಂದ್ರೆ ಒಕ್ಕಣ್ಣನ ಹತ್ರ ಎರಡು ಗೋಲು ತಿಂದ್ವಿ ಅಂತ ಹೇಳೋಕ್ ಬಂದ್ಯೇನಪ್ಪಾ?"

ಒಬ್ಬ ನಕ್ಕ. ಆಮೇಲೆ ಕೋಣೆಯೇ ನಕ್ಕಿತು. ಕಿಟಕಿಯ ಬಳಿ ಕೂತಿದ್ದ ಲಾರ್ ಎದ್ದು ಹೊರಗೆ ಹೋದ. ಮೋಗ್ ಸೇತುವೆಯ ಹತ್ತಿರ ಅವನನ್ನು ಹಿಡಿದ.

"ನಿನ್ ಹೆಸರು ಉಳಿಸೋಣ ಅಂತ..."

"ಕಳ್ಳ ಅಂತಿದ್ರು. ಅದನ್ನ ಹೇಗೋ ತಡ್ಕೊಂಡಿದ್ದೆ," ಎಂದ ಲಾರ್. ದನಿಯಲ್ಲಿ ಕೋಪವಿರಲಿಲ್ಲ. "ಇನ್ಮೇಲೆ ಮೆತ್ತಗಿನೋನು ಅಂತಾರೆ. ನಮ್ಮೂರಲ್ಲಿ ಅಂಥೋನನ್ನ ಗೋಲಿನ ಮುಂದೆ ಕಾವಲಿಗೆ ನಿಲ್ಲಿಸಲ್ಲ ಕಣೋ."

ನಿಲ್ಲಿಸಲೂ ಇಲ್ಲ. ಮೋಗ್ ಕೂಡ ಮತ್ತೆ ಕೋಲು ಹಿಡಿಯಲಿಲ್ಲ. ಸ್ವಂತ ಊರಿನಲ್ಲೇ ಒಳ್ಳೆಯ ಮಾಂಸದಂಗಡಿಯಿದ್ದರೂ ಶನಿವಾರ ಹೊಳೆ ದಾಟಿ ಲಾರ್‌ನ ಹತ್ತಿರ ಹೋಗುತ್ತಿದ್ದ. ಇಬ್ಬರೂ ಹವೆಯ ಬಗ್ಗೆ, ಬೀಟ್ ಬೆಳೆಯ ಬಗ್ಗೆ ಮಾತಾಡುತ್ತಿದ್ದರು. ಒಂದು ಚಳಿಗಾಲದ ಶನಿವಾರ ಹೋದಾಗ ಬಾಗಿಲ ಮೇಲೆ ಬೇರೆ ಹೆಸರಿತ್ತು. ಗಿರಾಕಿಗಳು ಮತ್ತೆ ಬರಲೇ ಇಲ್ಲವಂತೆ, ಕಿಯೋ ಮನೆಮಂದಿಯೆಲ್ಲ ಹೆಂಡತಿಯ ತವರಿನ ಕಡೆ, ಕಾರ್ಲೋಗೆ ಹೊರಟುಹೋದರು ಎಂದ ಹೊಸ ಕಟುಕ. ಬಂದದ್ದಕ್ಕೆ ಮೋಗ್ ಅವನ ಹತ್ತಿರ ಒಂದಿಷ್ಟು ಹಂದಿಮಾಂಸ ಕಟ್ಟಿಸಿಕೊಂಡ. ಹುರಿದದ್ದನ್ನು ಈಟಾ ತಟ್ಟೆಗೆ ಬಡಿಸಿದಾಗ ಅವನಿಗೆ ತಿನ್ನಲಾಗಲಿಲ್ಲ.