ರೈಲು ಹತ್ತಿದ ಬೈಕು, ಒಡೆಯದ ನಿಂಬೆಹಣ್ಣು

ನನ್ನ ಮಗ ದತ್ತಾತ್ರೇಯ ಬೈಕಿನಲ್ಲಿ ಯುರೋಪ್ ದಾಟಿದ್ದಾನೆ. ನೈರೋಬಿಯ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಫೋಟೋ ಸಮೇತ ಅಚ್ಚಾಗಿದೆ: ‘ಸಾವಿರದ ಎಂಟುನೂರು ಕಿಲೋಮೀಟರ್, ಒಬ್ಬ ಕನ್ನಡಿಗ, ಒಂದು ಬೈಕು’. ನಾನೂ ಜೊತೆಗಿದ್ದೆ, ನನ್ನನ್ನು ಬಿಟ್ಟಿದ್ದಾರೆ. ಹೋಗಲಿ.

ದತ್ತು ನೈರೋಬಿಯ ಎಂಬಕಸಿ ಬಡಾವಣೆಯ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರು. ವಯಸ್ಸು ಐವತ್ತೆರಡು. ಆ ವಯಸ್ಸಿನಲ್ಲಿ ಗಂಡಸರಿಗೆ ಬರುವ ಆಸೆಗಳಲ್ಲಿ ಬೈಕು ಅಷ್ಟೇನೂ ಕೆಟ್ಟದ್ದಲ್ಲ. ಕಂಪನಿ ಕೆಲಸಕ್ಕೆಂದು ಹ್ಯಾಂಬರ್ಗಿಗೆ ಹೊರಟವನು ಹಿಮದ ಬೆಟ್ಟ ತೋರಿಸುತ್ತೇನೆಂದು ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ಎಮ್ಮೆಯಷ್ಟು ದಪ್ಪದ ಬೈಕೊಂದನ್ನು ಬಾಡಿಗೆಗೆ ಹಿಡಿದ. ಕಾಲೇಜಿನಲ್ಲಿ ಗೆಳೆಯನ ಮೊಪೆಡ್ ಓಡಿಸಿದ ಮೇಲೆ ಅವನು ಎರಡು ಚಕ್ರದ ಗಾಡಿ ಮುಟ್ಟಿದ್ದು ಅದೇ ಮೊದಲು. ಲೈಸೆನ್ಸ್ ಇತ್ತು. ಮೈಸೂರಿನಲ್ಲಿ ಅವನ ಸೋದರಮಾವನಿಗೆ ಬೇಕಾದವರು ಮಾಡಿಸಿಕೊಟ್ಟಿದ್ದರು.

ಆ ದೇಶದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಸಂಜೆ ಕಾರು, ಬೈಕುಗಳನ್ನು ರೈಲಿನ ಹಿಂದಿನ ವ್ಯಾಗನ್ನುಗಳಿಗೆ ಹತ್ತಿಸಿ ಬೆಲ್ಟಿನಿಂದ ಬಿಗಿಯುತ್ತಾರೆ. ಜನ ಮುಂದಿನ ಬೋಗಿಯಲ್ಲಿ ಮಲಗುತ್ತಾರೆ. ಎಚ್ಚರವಾಗುವಷ್ಟರಲ್ಲಿ ಇನ್ಸ್‌ಬ್ರುಕ್ ಬಂದಿರುತ್ತದೆ, ಸುತ್ತ ಆಲ್ಪ್ಸ್ ಬೆಟ್ಟ. ಬೈಕನ್ನು ವ್ಯಾಗನ್ನಿಗೆ ಹತ್ತಿಸುವಾಗ ಮಾತ್ರ ಸವಾರನೇ ಓಡಿಸಬೇಕು. ಒಳಗೆ ಚಾವಣಿ ತಗ್ಗು, ಹಾಗಾಗಿ ಹೆಲ್ಮೆಟ್ ಹಾಕಿ, ಟ್ಯಾಂಕಿನ ಮೇಲೆ ತಲೆ ಬಗ್ಗಿಸಿ ಒಳಗೆ ಹೋಗಬೇಕು.

ಬಾಡಿಗೆ ಅಂಗಡಿಯಿಂದ ರೈಲಿನ ತನಕ ದತ್ತು ಬೈಕನ್ನು ತಳ್ಳಿಕೊಂಡೇ ಬಂದ. “ಎಂಜಿನ್ ತಣ್ಣಗಿರ್ಲಿ ಅಮ್ಮ” ಅಂದ. ನಾನು ಬೈಕಿನ ದೀಪಕ್ಕೆ ಕುಂಕುಮವಿಟ್ಟು, ಎರಡು ಚಕ್ರಗಳ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟೆ. ಸವಾರ ಅದರ ಮೇಲೆ ಹತ್ತಿಸಿ ಒಡೆದರೆ ದೃಷ್ಟಿ ಹೋಗುತ್ತದೆ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ರೈಲ್ವೆ ಹೆಂಗಸು ಬೈಕು ಹತ್ತಿಸು ಎಂದು ಕೈ ತೋರಿಸಿದಳು. ದತ್ತು ಸೊಂಟ ಹಿಡಿದುಕೊಂಡು ಮುಖ ಕಿವುಚಿದ. ಅವಳು ಅವನನ್ನು ನೋಡಿದಳು, ಬೈಕನ್ನು ನೋಡಿದಳು. ನಿಂಬೆಹಣ್ಣು ನನ್ನ ಚೀಲದಿಂದ ಉರುಳಿದ್ದು ಅಂದುಕೊಂಡಳೋ ಏನೋ, ಎರಡನ್ನೂ ತೆಗೆದು, ಒರೆಸಿ, ನನ್ನ ಕೈಗಿಟ್ಟಳು. ಆಮೇಲೆ ತಾನೇ ಬೈಕು ಹತ್ತಿ ಒಳಗೆ ಹೋದಳು. ನನ್ನ ಮಗ ಪ್ಲಾಟ್‌ಫಾರಂ ಮೇಲೆ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ.

ಆ ಕಡೆ ಇಳಿಸಿಕೊಟ್ಟವನೂ ರೈಲ್ವೆಯವನೇ. ಎರಡು ದಿನ ಮಳೆ. ಮೂರನೆಯ ದಿನ ಬಿಸಿಲು ಬಂತು, ಬೆಟ್ಟದ ಮುಂದೆ ಬೈಕು ನಿಲ್ಲಿಸಿ ಫೋಟೋ ತೆಗೆಸಿಕೊಂಡ, ಸಂಜೆ ಮತ್ತೆ ರೈಲು. ಬೈಕು ಸಾವಿರದ ಎಂಟುನೂರು ಕಿಲೋಮೀಟರ್ ಹೋಗಿ ಬಂತು. ಅವನೂ ಹೋಗಿ ಬಂದ. ಪತ್ರಿಕೆಯಲ್ಲಿ ಸುಳ್ಳೇನೂ ಇಲ್ಲ.

ತೊಂದರೆ ಶುರುವಾದದ್ದು ಪತ್ರಿಕೆ ಬಂದ ಮೇಲೆ. ಅದನ್ನು ಓದಿ ಸಂಘದಲ್ಲಿ ಆರು ಜನ ಬೈಕು ಕೊಂಡರು. ಮರ್ಯಾದೆಗೆ ದತ್ತುವೂ ಒಂದು ಕೊಂಡ, ಅದು ಕಿಲಿಮಾನಿಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತಿತು. ಕಾರ್ಯದರ್ಶಿ ದ್ವಾರಕಾನಾಥ್ ಏಳೂ ಬೈಕು ಸೇರಿಸಿ ನೈವಾಶಾ ಸರೋವರಕ್ಕೆ ಸವಾರಿ ಇಟ್ಟ. ದತ್ತು ಕ್ಯಾಪ್ಟನ್. ತೊಂಬತ್ತು ಕಿಲೋಮೀಟರ್ ದಾರಿ, ಮಧ್ಯೆ ಕಣಿವೆಗೆ ಇಳಿಯುವ ಘಾಟಿ, ಹಿಂದೆ ಮುಂದೆ ಲಾರಿ.

ಅದು ಗೊತ್ತಾದ ಸಂಜೆ ದತ್ತು ನನ್ನ ಕೋಣೆಗೆ ಬಂದು ಕೂತ.

“ಅಮ್ಮ, ಆ ಇಳಿಜಾರಲ್ಲಿ ನಾನು ಸತ್ತೇ ಹೋಗ್ತೀನಿ.”

“ಬರಲ್ಲ ಅಂತ ಹೇಳಿಬಿಡು.”

“ಹೇಳಿದ್ರೆ ಮಾನ ಹೋಗುತ್ತೆ.”

“ಎರಡರಲ್ಲಿ ಯಾವುದು ಹೋದ್ರೆ ಪರವಾಗಿಲ್ಲ, ಯೋಚ್ನೆ ಮಾಡು.”

ಅವನು ಬಹಳ ಹೊತ್ತು ಯೋಚಿಸಿದ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಭಾನುವಾರ ಏಳೂ ಜನ ನಮ್ಮ ಮನೆಯಲ್ಲಿ ಸೇರಿದರು. ಕಾಫಿ, ಚಕ್ಕುಲಿ. ದ್ವಾರಕಾನಾಥ್ ಕೇಳಿದ: “ಕ್ಯಾಪ್ಟನ್, ಘಾಟಿ ಇಳಿಯೋಕೆ ಏನು ಸ್ಟ್ರಾಟಜಿ? ಆಲ್ಪ್ಸ್‌ನಲ್ಲಿ ಹೆಂಗ್ ಮಾಡಿದ್ರಿ?”

“ಮೊದ್ಲು ಕಾಫಿ ಕುಡೀರಿ, ತಣ್ಣಗಾಗುತ್ತೆ” ಅಂದ ದತ್ತು. ಮಗ ಬದುಕಿದ್ದರೆ ಮಾನ ಇನ್ನೊಂದು ಸಲ ಸಂಪಾದಿಸಿಕೊಳ್ಳಬಹುದು ಅನ್ನಿಸಿತು.

“ಅಲ್ಲಿ ಅಷ್ಟು ದೂರ ಎಲ್ಲ ಓಡಿಸ್ಲಿಲ್ಲಪ್ಪ” ಅಂದೆ. “ಬೈಕನ್ನ ರೈಲಿಗೆ ಹಾಕಿದ್ವಿ.”

ಚಕ್ಕುಲಿ ಮುರಿಯುವ ಸದ್ದು ನಿಂತಿತು. ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುವ ಕೌಸ್ತುಭ್ ಕೇಳಿದ: “ಪೂರ್ತಿನಾ ಆಂಟಿ?”

“ಪೂರ್ತಿ.”

ದತ್ತುವಿನ ಕಿವಿ ಕೆಂಪಾಯಿತು. ಆದರೆ ದ್ವಾರಕಾನಾಥನ ಮುಖದಲ್ಲಿ ಬೆಳಕು ಮೂಡಿತು.

“ಅಂದ್ರೆ ಬೈಕೂ ಫ್ರೆಶ್, ರೈಡರೂ ಫ್ರೆಶ್. ನೋಡ್ರಪ್ಪ, ಪ್ರೊಫೆಷನಲ್ ಅಂದ್ರೆ ಇದು.”

“ನಂದು ಹೊಸ ಎಂಜಿನ್” ಅಂದ ಕೌಸ್ತುಭ್. “ಈಗ್ಲೇ ಘಾಟಿಯಲ್ಲಿ ದಣಿಸಬಾರ್ದಂತೆ.” ಒಬ್ಬನಿಗೆ ಬೆನ್ನುನೋವು ನೆನಪಾಯಿತು, ಇನ್ನೊಬ್ಬನಿಗೆ ಹೆಂಡತಿ ಹೊತ್ತ ಹರಕೆ. ಐದು ನಿಮಿಷದಲ್ಲಿ ಬೈಕು ಸಾಗಿಸಲು ಒಂದು ಲಾರಿ ನಿಗದಿಯಾಯಿತು. ಚಕ್ಕುಲಿ ಮತ್ತೆ ಸದ್ದು ಮಾಡಿತು.

ಶನಿವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಲಾರಿ ನಿಂತಿತು. ದ್ವಾರಕಾನಾಥನ ಹೆಂಡತಿ ಲೀಲಾ ಬುಟ್ಟಿ ತುಂಬ ನಿಂಬೆಹಣ್ಣು ತಂದು, ಏಳು ಬೈಕಿನ ಹದಿನಾಲ್ಕು ಚಕ್ರಕ್ಕೂ ಇಟ್ಟಳು. “ಓಡ್ಸೋರೇ ಹತ್ತಿಸಿ ಒಡೀಬೇಕು, ಹೊರಡಿ” ಅಂದಳು. ಹೆಲ್ಮೆಟ್ ಹಾಕಿದ ಏಳು ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲರೂ ಕ್ಯಾಪ್ಟನ್ನನ್ನು ನೋಡಿದರು. ಕ್ಯಾಪ್ಟನ್ ಸೊಂಟ ಹಿಡಿದುಕೊಂಡ.

“ಒಂದ್ನಿಮಿಷ” ಅಂದ ದ್ವಾರಕಾನಾಥ್. “ರೋಡಲ್ಲಿ ಓಡೋದು ಯಾವ್ದು? ಲಾರಿ ತಾನೇ?”

ಹಣ್ಣುಗಳೆಲ್ಲ ಲಾರಿಯ ಚಕ್ರದಡಿಗೆ ಹೋದವು. ಕೂಲಿಯವರು ಬೈಕುಗಳನ್ನು ಎತ್ತಿ ಹಾಕಿದರು. ಇದೇನೂ ಗೊತ್ತಿಲ್ಲದ ಡ್ರೈವರು ಗೇರು ಹಾಕಿ ಹದಿನಾಲ್ಕನ್ನೂ ಒಟ್ಟಿಗೆ ಅರೆದ. ಚಪ್ಪಾಳೆಯಾಯಿತು. ಏಳೂ ಜನ ಹೆಲ್ಮೆಟ್ ಸಮೇತ ಬಾಡಿಗೆ ಮಟಾಟು ವ್ಯಾನು ಹತ್ತಿ ಲಾರಿಯ ಹಿಂದೆ ಹೋದರು.

ಗೇಟಿನ ಬಳಿ ತನ್ನ ಬೈಕಿಗೆ ಒರಗಿ ಸೆಲಿನ್ ಇದನ್ನೆಲ್ಲ ನೋಡುತ್ತಿದ್ದಳು. ಅವಳು ಬೋಡಾ ಓಡಿಸುವವಳು, ಬಾಡಿಗೆ ಬೈಕು. ಪ್ರತಿ ಗುರುವಾರ ನನ್ನನ್ನು ಹಿಂದೆ ಕೂರಿಸಿಕೊಂಡು ದೇವಸ್ಥಾನಕ್ಕೆ ಬಿಡುತ್ತಾಳೆ. ಮಗನಿಗೆ ಗೊತ್ತಿರಲಿಲ್ಲ.

“ಶೋಶೊ” ಅಂದಳು. ಇಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ತಲೆ ತಟ್ಟಿ ತೋರಿಸಿದಳು, ಹೆಲ್ಮೆಟ್ ಏಕೆ ಎಂದು.

“ಫೋಟೋ” ಅಂದೆ. ಅವಳಿಗೆ ಅರ್ಥವಾಯಿತು.

ಫೋಟೋ ಪತ್ರಿಕೆಯಲ್ಲಿ ಬಂತು, ಮುಖಪುಟದಲ್ಲೇ. ದತ್ತು ಅದನ್ನು ಬಿಡಿಸಿಯೂ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಬಂದು ನಿಂತ.

“ನಿಂಬೆಹಣ್ಣು ಒಡಿಯೋಕೆ ಲಾರಿ ತರಿಸಿದ್ವಲ್ಲ ಅಮ್ಮ.”

“ಹೂಂ.”

“ಗೇಟಿನ ಹತ್ರ ನಿಲ್ಲೋ ಆ ಸೆಲಿನ್ ಬೈಕು ಹೇಳಿಕೊಡ್ತಾಳಾ?”

“ಕೇಳು. ನನ್ನನ್ನಂತೂ ಒಂದ್ಸಲಾನೂ ಬೀಳಿಸಿಲ್ಲ.”

ಅವನು ನನ್ನ ಮುಖ ನೋಡಿದ. ಆಮೇಲೆ ಅವಳನ್ನು ಕೇಳಲು ಗೇಟಿನ ಕಡೆ ಹೊರಟ.

ನೆಲಮಾಳಿಗೆಯಲ್ಲಿ ಹೊದಿಕೆ ತೆಗೆದರು. ನಾನು ಎರಡು ಹಣ್ಣು ಇಟ್ಟೆ. ಸೆಲಿನ್ ಹಿಂದಿನಿಂದ ಹಿಡಿದುಕೊಂಡು “ಪೋಲೆ ಪೋಲೆ” ಅನ್ನುತ್ತಿದ್ದಳು, ನಿಧಾನ ನಿಧಾನ. ಬೈಕು ಒಮ್ಮೆ ಕೆಮ್ಮಿ ನಿಂತಿತು. ಎರಡನೆಯ ಸಲ ಮುಂದೆ ನೆಗೆಯಿತು. ಮುಂದಿನ ಚಕ್ರದಡಿ ಒಂದು ಹಣ್ಣು ಪಚಕ್ಕೆಂದಿತು. ಹಿಂದಿನದು ಪಕ್ಕಕ್ಕೆ ಉರುಳಿತು, ಬೈಕು ಸೊಟ್ಟಗೆ ಹೋಗಿ ಕಂಬಕ್ಕೆ ತಾಗಿ ನಿಂತಿತು.

“ಎಷ್ಟು ದೂರ ಬಂದೆ?” ಕೇಳಿದ. ಅಂಗಿ ಬೆವರಿನಲ್ಲಿ ನೆನೆದಿತ್ತು.

ಹೆಜ್ಜೆ ಹಾಕಿ ಅಳೆದೆ. “ಒಂಬತ್ತು ಅಡಿ.”

“ಇದನ್ನ ಯಾರಿಗೂ ಹೇಳ್ಬೇಡಮ್ಮ.”

ಉರುಳಿದ ಹಣ್ಣನ್ನು ಹುಡುಕಿ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಚಕ್ರದ ಕೆಳಗಿಟ್ಟೆ.